ನೀವು ಯಾರ ಪೈಕಿ?

ಇಪ್ಪತ್ತೊಂಬತ್ತು ವರುಷ ಪರದೇಶದ ಅನ್ನ ಉಂಡು, 2023ರಲ್ಲಿ ನಾನು ಶಿರೂರಿಗೆ ಮರಳಿದೆ. ಮರಳಿ ಬಂದವನಿಗೆ ಮೊದಲು ಬೇಕಾದದ್ದು ತಲೆಯ ಮೇಲೊಂದು ಸೂರು. ಅದು ಹಿರಿಯರ ಪುಣ್ಯದಿಂದ ಇತ್ತು. ಎರಡನೆಯದು, ಉಳಿಸಿ ತಂದ ನಾಲ್ಕು ಕಾಸನ್ನು ಇಡುವುದಕ್ಕೆ ಬ್ಯಾಂಕಿನಲ್ಲೊಂದು ಖಾತೆ. ಅದೇನು ಮಹಾ ಕೆಲಸವೆಂದು ಒಂದು ದಿನ ಬೆಳಗಿನ ಬಸ್ಸು ಹಿಡಿದು ಬಾಗಲಕೋಟೆಗೆ ಹೋದೆ. ಹೋದ ಕೆಲಸ ಆ ದಿನ ಆಗಲಿಲ್ಲ. ಆಗದೆ ಉಳಿದ ಆ ಕೆಲಸವೇ ನನ್ನನ್ನು ಒಂಬತ್ತು ನೂರು ವರುಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಆ ಸಂಗತಿಯನ್ನೇ ಓದುಗರ ಮುಂದೆ ಇಡಬೇಕೆಂದಿದ್ದೇನೆ.

ಕೌಂಟರಿನ ಆಚೆ ಕುಳಿತಿದ್ದ ಹುಡುಗಿ ನನ್ನ ಮಗಳ ವಯಸ್ಸಿನವಳು. ಮರ್ಯಾದೆಯಿಂದಲೇ ಮಾತನಾಡಿಸಿದಳು. ನನ್ನ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಕಾಕಾರ, ಇದರಾಗ ಜಿಲ್ಲಾ ಬಿಜಾಪುರ ಅಂತ ಐತ್ರೀ. ಶಿರೂರ ಬಾಗಲಕೋಟಿ ಜಿಲ್ಲಾದಾಗ ಬರತೈತಿ. ಈಗಿನ ವಿಳಾಸದ್ದು ಬ್ಯಾರೆ ಏನರ ಕಾಗದ ಐತೇನ್ರೀ?” ಎಂದಳು.

ತಪ್ಪು ಅವಳದಲ್ಲ. ನಾನು ಊರು ಬಿಟ್ಟದ್ದು 1994ರಲ್ಲಿ. ಆಗ ನಮ್ಮದು ಬಿಜಾಪುರ ಜಿಲ್ಲೆ. 1997ರ ಆಗಸ್ಟಿನಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಯಿತು. ಮಸ್ಕತ್ತಿನಲ್ಲಿ ಕುಳಿತು ಪಾಸ್‌ಪೋರ್ಟನ್ನು ಹೊಸದು ಮಾಡಿಸಿದಾಗಲೆಲ್ಲ ನಾನು ಹಳೆಯ ರೂಢಿಯಂತೆ ಬಿಜಾಪುರವೆಂದೇ ಬರೆದುಕೊಟ್ಟೆ. 2014ರಲ್ಲಿ ಆ ಬಿಜಾಪುರವೂ ವಿಜಯಪುರವಾಯಿತು. ನಮ್ಮಪ್ಪನ ಕಾಲವನ್ನು ನೆನೆದರೆ ಇದು ಹೊಸದೇನೂ ಅಲ್ಲ. ಅವರು ಹುಟ್ಟಿದಾಗ ಶಿರೂರು ಮುಂಬಯಿ ಪ್ರಾಂತದಲ್ಲಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಅದೇ ಕರ್ನಾಟಕವಾಯಿತು. ಮನೆಯ ಹೊಸ್ತಿಲು ದಾಟದೆಯೇ ಅವರು ಮೂರು ರಾಜ್ಯಗಳ ಪ್ರಜೆಯಾಗಿದ್ದರು.

ನನ್ನ ಬಳಿ ಇನ್ನೊಂದು ಸಾಕ್ಷಿ ಇತ್ತು: 1984ರಲ್ಲಿ ಬಾಗಲಕೋಟೆಯ ಹಳೆಯ ಪೇಟೆಯಲ್ಲಿ ತೆರೆದ ಉಳಿತಾಯ ಖಾತೆಯ ಪಾಸ್‌ಬುಕ್ಕು. ಅದನ್ನು ಮುಂದೆ ಇಟ್ಟೆ. ಹುಡುಗಿ ನಕ್ಕಳು. ಆ ಶಾಖೆ ಇದ್ದ ಓಣಿ ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮುಳುಗಡೆಯಾಗಿತ್ತು. ಶಾಖೆ ನವನಗರಕ್ಕೆ ಬಂದಿತ್ತು. ಆ ಬ್ಯಾಂಕೇ ಮತ್ತೊಂದು ಬ್ಯಾಂಕಿನೊಳಗೆ ಸೇರಿಹೋಗಿತ್ತು. ನನ್ನ ಖಾತೆ ಎಲ್ಲಿದೆಯೆಂದು ಹುಡುಕಬೇಕಿತ್ತು.

ಮಧ್ಯಾಹ್ನದ ಬಿಸಿಲಿನಲ್ಲಿ ಊರಿಗೆ ಮರಳಿದೆ. ಬಸ್ಸಿಳಿದು ಬರುವಾಗ ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಕಣ್ಣಿಗೆ ಕೈ ಅಡ್ಡ ಹಿಡಿದು ನನ್ನನ್ನು ನೋಡಿ, “ಯಾರ ಪೈಕಿ ತಮ್ಮಾ ನೀ?” ಎಂದರು. ಅಪ್ಪನ ಹೆಸರು ಹೇಳಿದೆ. “ಹೌದ? ನಿಮ್ಮಜ್ಜನ ಮಾರಿನ ಹೊತ್ತಿದಿ ನೋಡು” ಎಂದು ಪಕ್ಕದಲ್ಲಿ ಕೂಡಿಸಿಕೊಂಡರು. ಬ್ಯಾಂಕಿನಲ್ಲಿ ಎರಡು ಗಂಟೆ ಕಾಗದ ತೋರಿಸಿದರೂ ಸಿದ್ಧವಾಗದ ಸಂಗತಿ ಕಟ್ಟೆಯ ಮೇಲೆ ಎರಡು ನಿಮಿಷದಲ್ಲಿ ಸಿದ್ಧವಾಗಿತ್ತು. ಹಿಂದಿನ ಕಾಲದಲ್ಲಿ ದೂರ ದೇಶದಿಂದ ಹಣ ಗಳಿಸಿ ಬಂದವರು ಏನು ಮಾಡುತ್ತಿದ್ದರು, ಯಾರನ್ನು ನಂಬುತ್ತಿದ್ದರು, ಅವರನ್ನು ಯಾರು ನಂಬುತ್ತಿದ್ದರು ಎಂಬ ಯೋಚನೆ ನನಗೆ ಹತ್ತಿಕೊಂಡದ್ದು ಆಗ.

ಇದಕ್ಕೆ ಉತ್ತರ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ. ನಮ್ಮ ನೆರೆಯ ಹುನಗುಂದ ತಾಲೂಕಿನಲ್ಲಿಯೇ ಐಹೊಳೆ ಇದೆ. ಪ್ರವಾಸಿಗಳು ಅಲ್ಲಿ ದುರ್ಗಗುಡಿ, ಲಾಡಖಾನ ಗುಡಿಗಳನ್ನು ನೋಡಿ ಬರುತ್ತಾರೆ. ಆದರೆ ಐಹೊಳೆಯ ಹೆಸರು ಕಡಲಾಚೆ ಹೋದದ್ದು ಗುಡಿಗಳಿಂದಲ್ಲ, ವ್ಯಾಪಾರಿಗಳಿಂದ. ಶಾಸನಗಳಲ್ಲಿ ಅದು ಅಯ್ಯಾವೊಳೆ. ಅಲ್ಲಿನ ಐನೂರ್ವರು ಸ್ವಾಮಿಗಳೆಂದು ಕರೆಸಿಕೊಂಡ ವರ್ತಕರ ಸಂಘ ಶತಮಾನಗಳ ಕಾಲ ದಕ್ಷಿಣ ಭಾರತದ ವ್ಯಾಪಾರವನ್ನೆಲ್ಲ ಆಳಿತು. ಶಿಕಾರಿಪುರ ತಾಲೂಕಿನ ಹನ್ನೊಂದನೆಯ ಶತಮಾನದ ಶಾಸನವೊಂದು ಇವರನ್ನು ಬಾಯ್ತುಂಬ ಹೊಗಳಿದೆ. ನೆಲದ ದಾರಿ ನೀರಿನ ದಾರಿ ಎರಡನ್ನೂ ತುಳಿದವರು, ಚೇರ ಚೋಳ ಪಾಂಡ್ಯ ದೇಶಗಳಿಂದ ನೇಪಾಳದವರೆಗೆ ತಿರುಗಿದವರು, ಆನೆ ಕುದುರೆ ಮುತ್ತು ರತ್ನ ಏಲಕ್ಕಿ ಲವಂಗ ಕರ್ಪೂರ ಕಸ್ತೂರಿಗಳನ್ನು ಮಾರಿದವರು ಎಂದು ಅದರ ವರ್ಣನೆ.

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಎಂಬ ಊರಿದೆ. ಹಿಂದೆ ಕರ್ಪೂರಕ್ಕೆ ಪ್ರಸಿದ್ಧವಾದ ಊರು. ಅದರ ಹತ್ತಿರದ ಲೋಬು ತುವಾದಲ್ಲಿ ಕ್ರಿ. ಶ. 1088ರ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲಿ ಐನೂರ್ವರ ಹೆಸರಿದೆ; ಹಡಗಿನವರು ಸಂಘಕ್ಕೆ ಸಲ್ಲಿಸಬೇಕಾದ ಹಣದ ಮಾತಿದೆ. ಬರ್ಮಾ ದೇಶದ ಪಗಾನಿನಲ್ಲಿ ಹದಿಮೂರನೆಯ ಶತಮಾನದ ಇನ್ನೊಂದು ಶಾಸನ: ಕೇರಳದಿಂದ ಹೋದ ವರ್ತಕನೊಬ್ಬ ಅಲ್ಲಿನ ನಾನಾದೇಶಿಗಳ ವಿಷ್ಣು ಗುಡಿಗೆ ದಾನ ಮಾಡಿದ ಸಂಗತಿ ಅದರಲ್ಲಿದೆ. ನಾನಾದೇಶಿಗಳೆಂದರೆ ಇದೇ ಬಳಗದವರು. ಇಲ್ಲಿ ಒಂದು ಮಾತು ಹೇಳಲೇಬೇಕು. ಸುಮಾತ್ರಾಕ್ಕೆ ಹೋದವರು ನಮ್ಮ ಮಲಪ್ರಭೆಯ ನೀರು ಕುಡಿದವರೇ ಎಂದು ಅಭಿಮಾನಪಡುವಂತಿಲ್ಲ. ಶಾಸನ ತಮಿಳಿನದು, ಹೋದವರೂ ಬಹುಮಟ್ಟಿಗೆ ತಮಿಳರೇ ಇರಬೇಕು. ಆದರೆ ಕಡಲಾಚೆ ಅವರು ಹೊತ್ತುಕೊಂಡು ಹೋದ ಹೆಸರು ಮಾತ್ರ ಐಹೊಳೆಯದು.

ಈ ಹೆಸರನ್ನೇಕೆ ಅವರು ಅಷ್ಟು ದೂರ ಹೊತ್ತರು? ನನಗೆ ತೋರುವಂತೆ ಅದೇ ಅವರ ಪಾಸ್‌ಪೋರ್ಟು, ಅದೇ ಅವರ ಜಾಮೀನು. ಪರದೇಶದ ಬಂದರಿನಲ್ಲಿ ಇಳಿದ ವರ್ತಕನ ಮುಖ ನೋಡಿದವರು ಯಾರೂ ಇಲ್ಲ. “ನಾನು ಐನೂರ್ವರ ಪೈಕಿ” ಎಂದು ಹೇಳಿದರೆ ಅವನ ಮಾತಿಗೆ ಬೆಲೆ ಬಂತು. ಅವನು ಮೋಸ ಮಾಡಿದರೆ ಕೆಡುವುದು ಒಬ್ಬನ ಹೆಸರಲ್ಲ, ಸಂಘದ ಹೆಸರು. ಆದ್ದರಿಂದ ಸಂಘ ತನ್ನವರನ್ನು ಕಟ್ಟುನಿಟ್ಟಿನಲ್ಲಿ ಇಟ್ಟುಕೊಂಡಿತ್ತು. ತಮ್ಮ ಧರ್ಮವನ್ನು ಬಣಂಜುಧರ್ಮವೆಂದು ಕರೆದುಕೊಂಡಿತ್ತು. ಶಾಸನಗಳು ಈ ವರ್ತಕರ ಹಸುಂಬೆಯನ್ನು ಮತ್ತೆ ಮತ್ತೆ ನೆನೆಯುತ್ತವೆ. ಹಸುಂಬೆಯೆಂದರೆ ಹೆಗಲ ಮೇಲೋ ಕತ್ತೆಯ ಬೆನ್ನ ಮೇಲೋ ಹಾಕುವ ಎರಡು ಬದಿಯ ಚೀಲ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಹಸಿಬಿ ಚೀಲವಾಗಿ ಉಳಿದಿತ್ತು.

ಹಸುಂಬೆಯಲ್ಲಿ ಬಂದ ಹೊನ್ನು ಎಲ್ಲಿಗೆ ಹೋಗುತ್ತಿತ್ತು? ಒಂದು ಪಾಲು ಗುಡಿಗೆ. ಲಕ್ಕುಂಡಿಯ ಟಂಕಸಾಲೆಯಲ್ಲಿ ಅಚ್ಚಾದ ಲೊಕ್ಕಿ ಗದ್ಯಾಣದ ಹೆಸರು ಆ ಕಾಲದ ಶಾಸನಗಳಲ್ಲಿ ಬರುತ್ತದೆ. ಇಷ್ಟು ಗದ್ಯಾಣವನ್ನು ಊರ ಮಹಾಜನರ ಕೈಯಲ್ಲೋ ಗುಡಿಯ ಆಚಾರ್ಯರ ಕೈಯಲ್ಲೋ ಒಪ್ಪಿಸುವುದು. ಮೂಲಧನ ಕರಗದಂತೆ ಅದರ ಬಡ್ಡಿಯಿಂದ ನಂದಾದೀವಿಗೆ ಉರಿಸುವುದು, ಊಟಕ್ಕೆ ಹಾಕುವುದು - ಇಂಥ ಶಾಸನಗಳು ಕನ್ನಡ ನಾಡಿನಲ್ಲಿ ಬೇಕಾದಷ್ಟಿವೆ. ಇಂದಿನ ಬ್ಯಾಂಕಿನವರು ಇದನ್ನು ಮುದ್ದತಿ ಠೇವಣಿ ಎನ್ನುತ್ತಾರೆ. ವ್ಯತ್ಯಾಸವೆಂದರೆ ಆಗಿನ ಠೇವಣಿಯ ಮುದ್ದತಿ ಚಂದ್ರ ಸೂರ್ಯರು ಇರುವವರೆಗೆ. ಸಾಕ್ಷಿಗೆ ಊರ ಹಿರಿಯರು. ಕರಾರು ಮುರಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ. ದಂಡದ ನಿಬಂಧನೆ ಇಷ್ಟು ಕಠಿಣವಾಗಿದ್ದಾಗ ಕಾಗದಪತ್ರದ ಹಂಗೇಕೆ?

ಸಂಘಗಳು ಅಳಿದ ಮೇಲೂ ಈ ನಂಬಿಕೆಯ ವ್ಯವಹಾರ ಅಳಿಯಲಿಲ್ಲ. ಹುಂಡಿಯ ರೂಪದಲ್ಲಿ ಉಳಿಯಿತು. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ, ಬಾಗಲಕೋಟೆಯ ಅರಳೆ ದೂರದ ಪೇಟೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಹಣವನ್ನು ಗಂಟು ಕಟ್ಟಿ ಒಯ್ಯುವ ಹುಚ್ಚು ಸಾಹಸವನ್ನು ವ್ಯಾಪಾರಸ್ಥರು ಮಾಡುತ್ತಿರಲಿಲ್ಲ. ಹುಂಡಿ ಎಂಬ ಚೀಟಿ ಸಾಕಿತ್ತು. ತೋರಿಸಿದ ಕೂಡಲೆ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಇಷ್ಟು ದಿನದ ಮೇಲೆ ಕೊಡತಕ್ಕದ್ದು ಮುದ್ದತಿ ಹುಂಡಿ. ಇವುಗಳಲ್ಲಿ ಶಾಹಜೋಗ ಎಂಬ ಒಂದು ಬಗೆ ಇತ್ತು. ಅದನ್ನು ಚೀಟಿ ತಂದ ಯಾರಿಗೂ ಕೊಡುವಂತಿಲ್ಲ. ಪೇಟೆಯಲ್ಲಿ ಗುರುತು ಮರ್ಯಾದೆ ಇರುವ ‘ಶಾಹ’ನ ಕೈಗೇ ಕೊಡಬೇಕು. ಹೆಸರು ಬದಲಾಗಿತ್ತು, ಕೇಳುವ ಪ್ರಶ್ನೆ ಐನೂರ್ವರ ಕಾಲದ್ದೇ - ನೀವು ಯಾರ ಪೈಕಿ?

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ನಾಡಿನಲ್ಲಿ ಹೊಸ ಗಾಳಿ ಬೀಸಿತು. 1904ರ ಸಹಕಾರಿ ಕಾಯಿದೆ ಬಂದ ಮರುವರುಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರ ಪತ್ತಿನ ಸಂಘವನ್ನು ಕಟ್ಟಿದರು. 1906ರಲ್ಲಿ ಕರಾವಳಿಯಲ್ಲಿ ಎರಡು ಸಂಸ್ಥೆಗಳು ಹುಟ್ಟಿದವು: ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕಾಯಿತು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಸ್ಥಾಪಿಸಿದ್ದು ಕೆನರಾ ಬ್ಯಾಂಕಾಯಿತು. 1913ರಲ್ಲಿ ಮೈಸೂರು ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಮುಂದಿನ ಸಿಂಡಿಕೇಟ್ ಬ್ಯಾಂಕು. ಈ ಕೊನೆಯದು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆರಡಾಣೆಯನ್ನು ಮನೆಬಾಗಿಲಿಗೇ ಹೋಗಿ ಕೂಡಿಸತೊಡಗಿತು. 1969ರಲ್ಲಿ ಹದಿನಾಲ್ಕು, 1980ರಲ್ಲಿ ಮತ್ತೆ ಆರು ಬ್ಯಾಂಕುಗಳು ರಾಷ್ಟ್ರದ ಸೊತ್ತಾದವು. 2017ರಿಂದ 2020ರೊಳಗೆ ಮೈಸೂರು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಂಬ ನಾಲ್ಕು ಹೆಸರುಗಳು ದೊಡ್ಡ ಬ್ಯಾಂಕುಗಳಲ್ಲಿ ಸೇರಿ ಬೋರ್ಡುಗಳಿಂದ ಅಳಿದವು.

ಹೊಸ ಬ್ಯಾಂಕುಗಳು ಬಂದರೂ ಹಳೆಯ ಪ್ರಶ್ನೆ ಹೋಗಲಿಲ್ಲ. ಖಾತೆ ತೆರೆಯುವ ಫಾರಮಿನಲ್ಲಿ ‘ಪರಿಚಯಿಸಿದವರು’ ಎಂಬ ಒಂದು ಮನೆ ಇರುತ್ತಿತ್ತು. ಆ ಬ್ಯಾಂಕಿನಲ್ಲಿ ಮೊದಲೇ ಖಾತೆಯಿದ್ದವರೊಬ್ಬರು ಅಲ್ಲಿ ರುಜು ಹಾಕಬೇಕು. 1984ರಲ್ಲಿ ನನ್ನ ಫಾರಮಿನಲ್ಲಿ ರುಜು ಹಾಕಿದವರು ನಮ್ಮ ಕನ್ನಡ ಸಾಲಿಯ ಮಾಸ್ತರರು. ಧೋತರದ ಚುಂಗು ಹಿಡಿದು ನನ್ನ ಜೊತೆ ಬಸ್ಸಿನಲ್ಲಿ ಬಂದು, ಮ್ಯಾನೇಜರರ ಮುಂದೆ ನಿಂತು, “ನಮ್ಮ ಹುಡುಗ ರೀ ಇವ” ಎಂದರು. ನನ್ನ ಹಣದ ಇತಿಹಾಸ ಆರಂಭವಾದದ್ದು ಆ ಒಂದು ಮಾತಿನಿಂದ.

ಇನ್ನು ಪರದೇಶದ ಹಣದ ಕತೆ. ಹಣ ಗಡಿ ದಾಟಬೇಕಾದರೆ ಸರ್ಕಾರದ ಅಪ್ಪಣೆ ಬೇಕೆಂಬ ಕಟ್ಟು 1939ರ ಯುದ್ಧದೊಂದಿಗೆ ಬಂತು. 1947ರ ಕಾಯಿದೆ ಅದನ್ನು ಮುಂದುವರಿಸಿತು. 1973ರ ಕಾಯಿದೆ ಇನ್ನಷ್ಟು ಬಿಗಿ ಮಾಡಿತು. ಆದರೆ ನಾನು ದುಡಿದ ಕೊಲ್ಲಿ ದೇಶಗಳಲ್ಲಿ ಒಂದು ಕಾಲಕ್ಕೆ ನಮ್ಮ ರೂಪಾಯಿಯೇ ನಡೆಯುತ್ತಿತ್ತೆಂಬುದು ಅನೇಕರಿಗೆ ತಿಳಿಯದು. ಆ ರೂಪಾಯಿಗಳಿಂದ ಬಂಗಾರದ ಕಳ್ಳಸಾಗಣೆ ಹೆಚ್ಚಿತೆಂದು 1959ರಲ್ಲಿ ರಿಸರ್ವ್ ಬ್ಯಾಂಕು ಆ ಕಡೆಗೆಂದೇ ಬೇರೆ ಬಣ್ಣದ ನೋಟು ಹೊರಡಿಸಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿದು ಡಾಲರಿಗೆ ನಾಲ್ಕು ರೂಪಾಯಿ ಎಪ್ಪತ್ತಾರು ಪೈಸೆ ಇದ್ದದ್ದು ಏಳೂವರೆ ರೂಪಾಯಿಯಾದಾಗ ಅಲ್ಲಿಯವರೆಗೂ ಅದನ್ನು ಬಳಸುತ್ತಿದ್ದ ದೇಶಗಳು ನಮ್ಮ ನೋಟನ್ನು ಕೈಬಿಡತೊಡಗಿದವು. ಒಮಾನ್ ಮಾತ್ರ 1970ರವರೆಗೆ ಇಟ್ಟುಕೊಂಡಿತು. ಮಸ್ಕತ್ತಿನ ಮುದುಕ ಅಂಗಡಿಕಾರರು ನನ್ನೆದುರು ‘ರುಪಿಯಾ’ ಎಂಬ ಮಾತನ್ನು ತಮ್ಮ ಮಾತೇ ಎಂಬಂತೆ ಆಡುತ್ತಿದ್ದರು.

ಅದೇ 1970ರಲ್ಲಿ ನಮ್ಮ ಸರ್ಕಾರ ಹೊರದೇಶದಲ್ಲಿರುವವರಿಗಾಗಿ ಎನ್‌ಆರ್‌ಇ ಎಂಬ ಖಾತೆಯನ್ನು ತೆರೆಯಿತು. ಹೊರಗಿನ ಗಳಿಕೆಯನ್ನು ಅದರಲ್ಲಿ ಇಡಬಹುದು. ಬೇಕೆಂದಾಗ ತಡೆಯಿಲ್ಲದೆ ಹೊರಗೆ ಒಯ್ಯಬಹುದು. ಊರಿನ ಬಾಡಿಗೆ, ಫಸಲಿನ ಹಣ ಮೊದಲಾದ ಇಲ್ಲಿನ ಉತ್ಪನ್ನಕ್ಕೆ ಎನ್‌ಆರ್‌ಓ ಎಂಬ ಬೇರೆ ಖಾತೆ. 1999ರಲ್ಲಿ ಅಂಗೀಕಾರವಾಗಿ 2000ದ ಜೂನಿನಲ್ಲಿ ಜಾರಿಗೆ ಬಂದ ಫೆಮಾ ಕಾಯಿದೆ ಹಳೆಯ ಬಿಗಿಯನ್ನು ಸಡಿಲಿಸಿತು. ಮೊದಲು ಜೈಲಿಗೆ ಹೋಗಬೇಕಾಗಿದ್ದ ತಪ್ಪುಗಳು ಬಹುತೇಕ ದಂಡ ತೆರುವ ತಪ್ಪುಗಳಾದವು.

ಮರಳಿ ಬರುವವರು ತಿಳಿದಿರಬೇಕಾದ ಸಂಗತಿ ಇಷ್ಟು. ಊರಲ್ಲೇ ನೆಲೆಸುವ ಮನಸ್ಸಿನಿಂದ ಬಂದಿಳಿದವನು ಈ ಕಾಯಿದೆಯ ಕಣ್ಣಿಗೆ ಅಂದಿನಿಂದಲೇ ಇಲ್ಲಿಯ ನಿವಾಸಿ. ಆದಾಯ ತೆರಿಗೆಯವರ ಲೆಕ್ಕ ಬೇರೆ. ಅವರು ದಿನಗಳನ್ನು ಎಣಿಸುತ್ತಾರೆ. ಬಂದ ಕೂಡಲೆ ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇ, ಎನ್‌ಆರ್‌ಓ ಖಾತೆಗಳನ್ನು ಸಾಮಾನ್ಯ ಖಾತೆಗಳಾಗಿ ಬದಲಿಸಿಕೊಳ್ಳಬೇಕು. ಪರದೇಶದ ಹಣವನ್ನು ಪರದೇಶದ ನಾಣ್ಯದಲ್ಲೇ ಇಡಬೇಕೆನಿಸಿದರೆ ಆರ್‌ಎಫ್‌ಸಿ ಎಂಬ ಖಾತೆಯಿದೆ. ನಾಳೆ ಮಕ್ಕಳ ಓದಿಗೋ ಮತ್ತೊಂದಕ್ಕೋ ಹೊರಗೆ ಕಳಿಸಬೇಕಾದರೆ ಅದರಿಂದ ತೊಡಕಿಲ್ಲ. ಎಫ್‌ಸಿಎನ್‌ಆರ್ ಠೇವಣಿಯಿದ್ದರೆ ಅದನ್ನು ಮುದ್ದತಿ ತುಂಬುವವರೆಗೆ ಬಿಡಬಹುದು. ಅಲ್ಲಿದ್ದಾಗ ಅಲ್ಲಿ ಗಳಿಸಿದ ಆಸ್ತಿಯನ್ನು ಮಾರಿಯೇ ಬರಬೇಕೆಂದೇನೂ ಇಲ್ಲ. ಇಟ್ಟುಕೊಳ್ಳಲು ಕಾಯಿದೆಯ ಒಪ್ಪಿಗೆಯಿದೆ.

ಇಷ್ಟೆಲ್ಲ ಬಲ್ಲವನಂತೆ ಬರೆಯುತ್ತಿರುವ ನಾನೇ ತಪ್ಪಿತಸ್ಥ. 1994ರಲ್ಲಿ ಹೋಗುವಾಗ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಓ ಮಾಡಿಸಬೇಕಿತ್ತು. ಮಾಡಿಸಲಿಲ್ಲ, ಮರೆತುಬಿಟ್ಟೆ. ಹತ್ತು ವರುಷ ಯಾರೂ ಮುಟ್ಟದ ಖಾತೆಗಳ ಹಣ, 2014ರಲ್ಲಿ ರಿಸರ್ವ್ ಬ್ಯಾಂಕು ಸ್ಥಾಪಿಸಿದ ಠೇವಣಿದಾರರ ನಿಧಿಗೆ ಹೋಗುತ್ತದೆ. ಮಾಸ್ತರರ ರುಜುವಿನಿಂದ ಹುಟ್ಟಿದ ನನ್ನ ಖಾತೆಯ ಹಣವೂ ಅಲ್ಲಿ ಸೇರಿತ್ತು. ಓದುಗರಲ್ಲಿ ಯಾರಿಗಾದರೂ ಇಂಥ ಮರೆತ ಪಾಸ್‌ಬುಕ್ಕು ಪೆಟ್ಟಿಗೆಯ ತಳದಲ್ಲಿದ್ದರೆ ನಿರಾಶರಾಗಬೇಕಿಲ್ಲ. ಹಣ ಮುಳುಗಿಲ್ಲ, ಬ್ಯಾಂಕಿಗೆ ಅರ್ಜಿ ಕೊಟ್ಟು ಗುರುತು ತೋರಿಸಿದರೆ ಬ್ಯಾಂಕು ಕೊಡುತ್ತದೆ, ಆಮೇಲೆ ನಿಧಿಯಿಂದ ತಾನು ಪಡೆದುಕೊಳ್ಳುತ್ತದೆ.

ಮನೆಯನ್ನು ನನ್ನ ಹೆಸರಿಗೆ ಮಾಡಿಸಿ, ಕಂದಾಯ ಕಟ್ಟಿದ ಪಾವತಿ ಹಿಡಿದು, ಆಧಾರ್ ಚೀಟಿಯಲ್ಲಿ ವಿಳಾಸ ಸರಿಪಡಿಸಿಕೊಂಡು ಮತ್ತೆ ಬ್ಯಾಂಕಿಗೆ ಹೋಗುವ ಹೊತ್ತಿಗೆ ಎರಡು ತಿಂಗಳು ಕಳೆದಿದ್ದವು. ಹೋಗುವಾಗ ಮನಸ್ಸಿನಲ್ಲಿ ಸಿಟ್ಟಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮುಖ ನೋಡಿ ನಂಬುತ್ತಿದ್ದ ಕಾಲ ಹೋಯಿತು, ಕಾಗದ ನೋಡಿ ನಂಬುವ ಕಾಲ ಬಂತು ಎಂದು ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದೆ.

ಆ ಭಾಷಣ ಬಾಯೊಳಗೇ ಉಳಿಯಿತು. ನನ್ನ ಮುಂದೆ ಸಾಲಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಗೋವೆಯಲ್ಲಿ ಗಾರೆ ಕೆಲಸ ಮಾಡಿ ಮೂರು ವರುಷದ ಮೇಲೆ ಊರಿಗೆ ಬಂದವಳು; ಕಂಕುಳಲ್ಲಿ ಕೂಸು. ಅವಳೂ ಖಾತೆ ತೆರೆಯಲು ಬಂದಿದ್ದಳು. ಕೈಯಲ್ಲಿ ಇದ್ದದ್ದು ಆಧಾರ್ ಚೀಟಿ ಒಂದೇ. ಬೆರಳಚ್ಚು ಕೊಟ್ಟಳು, ಫೋಟೋ ತೆಗೆಸಿಕೊಂಡಳು. ಅರ್ಧ ಗಂಟೆಯಲ್ಲಿ ಜನಧನ ಖಾತೆಯಾಯಿತು. ಕೆಲಸ ಮುಗಿದ ಮೇಲೆ ಅವಳು ಆ ಹುಡುಗಿಯನ್ನು, “ಗುರುತಿನವ್ರ ಸಹಿ ಬ್ಯಾಡೇನ್ರೀ ಅಕ್ಕಾರ? ನಮ್ಮವ್ವಗ ಕೇಳಿದ್ರು. ಯಾರೂ ಮಾಡಲಿಲ್ಲ” ಎಂದು ಕೇಳಿದಳು. “ಈಗ ಬ್ಯಾಡವ್ವಾ” ಎಂದಳು ಹುಡುಗಿ.

ನನಗೆ ಮಾಸ್ತರರು ಬಂದಿದ್ದರು. ಆ ತಾಯಿಗೆ ಯಾರೂ ಬರಲಿಲ್ಲ. ಕಟ್ಟೆಯ ಮೇಲಿನ ಮುದುಕರು “ಯಾರ ಪೈಕಿ” ಎಂದು ಕೇಳಿದಾಗ ನನಗೆ ಎದೆ ತುಂಬಿ ಬಂದಿತ್ತು. ಆದರೆ ನಮ್ಮ ಕಡೆ ಆ ಪ್ರಶ್ನೆಗೆ ಇನ್ನೊಂದು ಅರ್ಥವೂ ಇದೆ. ಅದು ಓಣಿಯನ್ನು ಕೇಳುತ್ತದೆ, ಜಾತಿಯನ್ನು ಕೇಳುತ್ತದೆ. ಸರಿಯಾದ ಉತ್ತರವಿದ್ದವನನ್ನು ಕಟ್ಟೆಯ ಮೇಲೆ ಕೂಡಿಸಿಕೊಳ್ಳುತ್ತದೆ. ಇಲ್ಲದವನನ್ನು ಕೆಳಗೆ ನಿಲ್ಲಿಸುತ್ತದೆ. ಐನೂರ್ವರ ಸಂಘದ ಹೆಸರು ಸುಮಾತ್ರಾದವರೆಗೆ ಸಾಗಿತು, ನಿಜ. ಶಾಹಜೋಗ ಹುಂಡಿ ಪೇಟೆಯಿಂದ ಪೇಟೆಗೆ ಹೋಯಿತು, ನಿಜ. ಹುಂಡಿಯನ್ನು ಕೊಡತಕ್ಕದ್ದು ಶಾಹನಿಗೆ, ಕೂಲಿಯವಳಿಗಲ್ಲ. ನಾನು ಹೊಗಳಬೇಕೆಂದಿದ್ದ ಮುಖದ ನಂಬಿಕೆ ಮುಖವಿದ್ದವರಿಗೆ ಮಾತ್ರ ಸಲ್ಲುತ್ತಿತ್ತು.

ಹಾಗೆಂದು ಕಾಗದದ ನಂಬಿಕೆಯಲ್ಲಿ ಕೊರತೆಯಿಲ್ಲವೆಂದಲ್ಲ. ಬೆರಳಚ್ಚು ಸವೆದ ಮುದುಕರನ್ನು ಯಂತ್ರ ಗುರುತಿಸದೆ ಹಿಂದಕ್ಕೆ ಕಳಿಸಿದ್ದನ್ನು ಅದೇ ದಿನ ಕಂಡೆ. ಅಲ್ಲಿ ಮಾತ್ರ ಮಾಸ್ತರರಂಥವರೊಬ್ಬರು ಬಂದು “ನಮ್ಮವರು ರೀ ಇವರು” ಎಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಐಹೊಳೆಯಿಂದ ಬಾಗಲಕೋಟೆಯವರೆಗೆ, ಒಂಬತ್ತು ನೂರು ವರುಷ ನಡೆದರೂ, ಒಬ್ಬರನ್ನೊಬ್ಬರು ನಂಬುವ ಪೂರ್ತಿ ಒಳ್ಳೆಯ ಉಪಾಯವೊಂದು ನಮಗಿನ್ನೂ ಸಿಕ್ಕಿಲ್ಲ.

ನನ್ನ ಖಾತೆಯೂ ಆ ದಿನ ಆಯಿತು. ಹೊಸ ಪಾಸ್‌ಬುಕ್ಕಿನಲ್ಲಿ ಪರಿಚಯಿಸಿದವರ ಹೆಸರಿಗೆ ಜಾಗವಿಲ್ಲ. ನಿಧಿಗೆ ಹೋಗಿದ್ದ ಹಳೆಯ ಹಣಕ್ಕೆ ಅರ್ಜಿ ಬರೆದುಕೊಟ್ಟೆ. ಹಳೆಯ ಪಾಸ್‌ಬುಕ್ಕನ್ನೂ ಒಪ್ಪಿಸಬೇಕೇ ಎಂದು ಕೇಳಿದೆ. ಝೆರಾಕ್ಸ್ ಪ್ರತಿ ಸಾಕೆಂದಳು ಹುಡುಗಿ. ಅದನ್ನು ಮನೆಗೆ ತಂದು ಮಾಸ್ತರರ ಮಗನಿಗೆ ತೋರಿಸಿದೆ. ಅವನು ಬಹಳ ಹೊತ್ತು ಅದನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಿದ್ದ.